ಎರಡೂ ಬದಿ, ಒಂದೇ ಹಾಳೆ

ನಾಳೆ ಹನ್ನೊಂದಕ್ಕೆ ಸಂದರ್ಶನ. ಪ್ರಾಡಕ್ಟ್ ಓನರ್.
ಓನರ್ ಅಂದರೆ ಪೂರಾ ಕಂಪನಿ ನಿನ್ನದೇ ಏನು ಅಂತ
ಅತ್ತೆ ಎರಡು ಸಲ ಕೇಳಿದ್ದಾರೆ.
ಒಂದು ಸಲ ಹೌದು ಅಂದುಬಿಟ್ಟೆ.

ದಾವಣಗೆರೆ, ತಾಲ್ಲೂಕು ಕಚೇರಿಯೆದುರು
ಬಕ್ಕೇಶನ ಜೆರಾಕ್ಸ್ ಅಂಗಡಿ.
ಗಿರಾಕಿ ಇಲ್ಲದಾಗ ಗಂಡನೇ ನನ್ನ ಸಂದರ್ಶಕ.
ಪ್ರಶ್ನೆಯ ಹಾಳೆ ಹಿಡಿದು, ಕನ್ನಡಕ ಏರಿಸಿ,
"ಸ್ಟೇಕ್‌ಹೋಲ್ಡರ್‌ಗಳಿಬ್ಬರು ಜಗಳಕ್ಕೆ ಬಿದ್ದರೆ?"
ಅನ್ನುತ್ತಾನೆ, ಥೇಟು ಪೊಲೀಸು.
ನಾನು ಬಾಯಿ ತೆರೆಯುವಷ್ಟರಲ್ಲಿ
ಪಾಲಿಟೆಕ್ನಿಕ್ ಹುಡುಗರು ಹಾಲ್ ಟಿಕೆಟ್ ಹಿಡಿದು ಬಂದು
ಯಾರು ಮೊದಲು ಅಂತ ಜಗಳಕ್ಕೇ ಬೀಳುತ್ತಾರೆ.

ಆರು ವರ್ಷ, ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕಿದವಳು ನಾನು.
ಆಸ್ಪತ್ರೆಯ ಬಿಲ್ಲಿಗೆ ಸೊನ್ನೆ ಒತ್ತಿದರೆ ಏನಾಗುತ್ತೆ,
ಹೆಸರಿನ ಜಾಗದಲ್ಲಿ ಅಂಕಿ ಹಾಕಿದರೆ ಏನಾಗುತ್ತೆ.
ಈಗ, ಏನು ಕಟ್ಟಬೇಕು ನೀನೇ ಹೇಳು ಅನ್ನುತ್ತಾರಂತೆ.
ಬಾಯಿ ಒಣಗುತ್ತದೆ.

ಯೂಸರ್ ಸ್ಟೋರಿಗೆ ಕೈ ಪಳಗಲಿ ಎಂದು
ಹಾಳಾದ ಪ್ರತಿಗಳ ಬೆನ್ನಿಗೆ ಗೀಚುತ್ತಾ ಕೂತೆ:
ಒಬ್ಬ ಇಂಥವರಾಗಿ, ನನಗೆ ಇಂಥದ್ದು ಬೇಕು, ಏಕೆಂದರೆ.

ಹಾಲಮ್ಮ ಬಂದಳು. ಸೆರಗಿನ ಗಂಟಿನಿಂದ ಆಧಾರ್ ಬಿಚ್ಚಿ,
"ಎರಡೂ ಕಡೆ ಒಂದೇ ಹಾಳ್ಯಾಗ ತೆಗೀರಿ."
ನಾನು ಬರೆದೆ:
ಒಬ್ಬ ಪಿಂಚಣಿಯ ಅಜ್ಜಿಯಾಗಿ
ನನಗೆ ಎರಡೂ ಬದಿ ಒಂದೇ ಹಾಳೆಯಲ್ಲಿ ಬೇಕು
ಏಕೆಂದರೆ ಎರಡು ರೂಪಾಯಿ ಉಳಿಯುತ್ತದೆ.
ಚೆನ್ನಾಗಿದೆ ಅನ್ನಿಸಿ, ಓದಿಯೂ ಹೇಳಿದೆ.

"ರೂಪಾಯಿ ಮಾತಲ್ಲವ್ವ.
ಹೋದ ಸಲ ಎರಡನೇ ಹಾಳಿ ಒಳಗಿನವರು ಕಳೆದರು.
ಹಿಂದಿನ ಕಡೀಗಲ್ಲೇನು ವಿಳಾಸ ಇರದು?
ಮೂರು ತಿಂಗಳು ನಾನು
ಮುಖ ಇದ್ದಾಕಿ, ಊರಿಲ್ಲದಾಕಿ."

ಮೂರನೇ ಸಾಲಿಗೆ ಗೀಟೆಳೆದೆ. ಮತ್ತೊಂದು ಗೀಟು, ಅದರ ಮೇಲೆ.

ಸಂಜೆ ಶಟರ್ ಅರ್ಧ ಇಳಿದ ಮೇಲೆ
ಅದೇ ಹಾಳೆಯ ಕೆಳಗೆ ನನ್ನದು ಬರೆಯಲು ಕೂತೆ.
ಒಬ್ಬ ನಲವತ್ತರ ಹೆಂಗಸಾಗಿ
ನನಗೆ ಈ ಕೆಲಸ ಬೇಕು
ಏಕೆಂದರೆ
ಸಂಬಳ ಅಂತ ಬರೆದೆ, ಹೊಡೆದೆ.
ಬೆಳವಣಿಗೆ ಅಂತ ಬರೆದೆ, ನನಗೇ ನಗು ಬಂತು.
ಕೇಳೋಣವೆಂದರೆ
ಕೌಂಟರಿನಾಚೆ ನಾನು ನಿಂತಿರಲಿಲ್ಲ.

ಟೋನರ್ ನೋಡಲು ಬಕ್ಕೇಶ ಆ ಹಾಳೆಯನ್ನೇ
ಗಾಜಿನ ಮೇಲಿಟ್ಟು ಗುಂಡಿ ಒತ್ತಿದ.
ಬೆಳಕು ಒಮ್ಮೆ ಆ ತುದಿಗೆ ಹೋಗಿ ಬಂತು.
ಬಿಸಿ ಬಿಸಿ ಪ್ರತಿ.
ಹೊಡೆದ ಗೀಟು ಕಪ್ಪಗೆ, ಖಾಲಿ ಬಿಟ್ಟದ್ದು ಬೆಳ್ಳಗೆ.

"ಹಾಲಮ್ಮನ ಹತ್ರ ದುಡ್ಡು ಇಸ್ಕೊಂಡ್ಯಾ?" ಅಂದ.
ಪ್ರಶ್ನೆಪಟ್ಟಿಯಲ್ಲಿ ಇರಲಿಲ್ಲ ಅದು.
ಇಲ್ಲ ಅಂದೆ.
"ಯಾಕೆ?"