ಥಂಡಿ ಅಂದರೆ ಎಷ್ಟು

ಯಮನೂರನ ಸಕ್ಕರೆ ನಾನೂರಾ ಹನ್ನೆರಡು.
ವಾಸ್ಕೋದಲ್ಲಿ ಇನ್ನೂ ಬೆಳಕು ಹರಿದಿಲ್ಲ,
ಬಂದರಿನ ಸೈರನ್ನು ವಾರ್ಡಿನ ಕಿಟಕಿಯ ಸರಳು ನಡುಗಿಸುವ ಹೊತ್ತು.
ಹನ್ನೊಂದು ವರ್ಷದ ಹುಡುಗ. ತುಟಿ ಒಣಗಿದೆ,
ಉಸಿರಿಗೆ ಕೊಳೆಯಹತ್ತಿದ ಪೇರಲ ಹಣ್ಣಿನ ವಾಸನೆ.

ಹೊನ್ನವ್ವ ಮೀನಿನ ಜೆಟ್ಟಿಯಿಂದ ನೇರ ಓಡಿಬಂದಿದ್ದಾಳೆ,
ಮೊಣಕೈಗೆ ಬಂಗುಡೆಯ ಪೊರೆ ಇನ್ನೂ ಅಂಟಿದೆ.
"ದಿನಾ ಎರಡ ಸಲ ಹಾಕೇನ್ರಿ ಬಾಯಾರ.
ನನ್ನ ಪಗಾರ ತಪ್ಪಿರಬೇಕು, ಅವನ ಸೂಜಿ ತಪ್ಪಿಲ್ಲ."

ಕೇಸ್ ಪೇಪರಿನ ಮೇಲೆ ಡಾಕ್ಟರು ಆಗಲೇ ಬರೆದಿದ್ದಾರೆ
ಒಂದೇ ಒಂದು ಇಂಗ್ಲಿಷ್ ಪದ,
ಹೇಳಿದ ಮಾತು ಕೇಳದವರಿಗೆ ಬರೆಯುವಂಥದ್ದು.
ಅದರ ಮೇಲೆ ಬೆರಳಿಟ್ಟುಕೊಂಡೇ ಕೇಳಿದೆ:
ಬಾಟಲಿ ತಂದೀಯೇನು?

ತಂದಿದ್ದಳು. ಸೊಂಟದ ಚೀಲದಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿ.
ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದೆ,
ಕುಲುಕಬಾರದು, ರೊಟ್ಟಿಯ ಹಿಟ್ಟು ಉದ್ದ ಮಾಡುವ ಹಾಗೆ.
ಟ್ಯೂಬ್‌ಲೈಟಿಗೆ ಹಿಡಿದೆ.
ತೆಳ್ಳನೆಯ ಮಜ್ಜಿಗೆಯಂತೆ ಒಂದಾಗಬೇಕಿದ್ದ ಔಷಧ
ಒಡೆದ ಹಾಲಾಗಿ
ಗಾಜಿನ ಗೋಡೆಗೆ ಚೂರುಚೂರು ಮೆತ್ತಿತ್ತು.

"ಎಲ್ಲಿಟ್ಟಿದ್ದಿ?"
"ಐಸಿನಾಗ್ರಿ. ಮೀನಿನ ಡಬ್ಬಿ ತಳದಾಗ, ಯಾರ ಕೈಗೂ ಸಿಗದಂಗ.
ನೀವ ಹೇಳಿದ್ರೆಲ್ಲ, ಥಂಡ್ಯಾಗ ಇಡು ಅಂತ."

ಹೌದು, ನಾನೇ.
ಡಿಸ್ಚಾರ್ಜಿನ ದಿನ, ನಾಲ್ಕು ಮಂಚಗಳ ನಡುವೆ ಓಡುತ್ತ
ಥಂಡಿ ಅಂದಿದ್ದೆ. ಹೆಪ್ಪುಗಟ್ಟಿದರೆ ಅದು ಸತ್ತ ಔಷಧ
ಅನ್ನುವುದು ಬಾಯಲ್ಲೇ ಉಳಿಯಿತು.
ನನ್ನ ಥಂಡಿಯೊಳಗೆ ಒಂದು ಫ್ರಿಜ್ಜಿತ್ತು,
ಬಾಗಿಲಲ್ಲಿ ಮೊಟ್ಟೆ, ಕೊತ್ತಂಬರಿ, ನಡುವಿನ ಅರೆ.
ಅವಳ ತಗಡಿನ ಮನೆಯಲ್ಲಿ ಇರುವುದು ಸೆಕೆ.
ಬೆಳಗಿನ ಜಾವ ಮೂರಕ್ಕೆ, ದಿನಗೂಲಿಗೆ,
ಸುತ್ತಿಗೆಯಿಂದ ಒಡೆಯುವ ಮಂಜುಗಡ್ಡೆಯೊಂದೇ
ಅವಳು ಕಂಡ ಥಂಡಿ.

ಸಲೈನು ಹನಿಯುತ್ತದೆ. ಗಂಟೆಗೊಮ್ಮೆ ಬೆರಳು ಚುಚ್ಚುತ್ತೇನೆ.
ಮುನ್ನೂರಾ ನಲವತ್ತು. ಇನ್ನೂರಾ ತೊಂಬತ್ತು.
ಗಡಿಬಿಡಿಯಲ್ಲಿ ಇಳಿಸುವಂತಿಲ್ಲ ಇದನ್ನು,
ಗುಡ್ಡದ ಮೆಟ್ಟಿಲು ಹೊರೆ ಹೊತ್ತು ಇಳಿಯುವಂತೆ ಇಳಿಯಬೇಕು.

ನಡುವೆ ಕೆಳಗಿನ ವಾರ್ಡಿಗೆ ಕರೆ.
ಮೊಮ್ಮಗಳ ಮದುವೆಯ ಫೋಟೋದಲ್ಲಿ ಮುಖ ಊದಿರಬಾರದೆಂದು
ಎಸ್ಪೆರಾನ್ಸಾ ಬಾಯಿ ವರ್ಷದ ಸ್ಟೆರಾಯ್ಡು ಒಂದೇ ದಿನಕ್ಕೆ ಬಿಟ್ಟು
ಇಗರ್ಜಿಯ ಮೆಟ್ಟಿಲ ಮೇಲೆ ಕುಸಿದಿದ್ದಾರೆ.
ಅವರಿಗೂ ಯಾರೋ ಹೇಳಿರಬೇಕು, ನಿಲ್ಲಿಸಬೇಡಿ ಅಂತ,
ಬಾಗಿಲ ಹೊರಗೆ ಒಂದು ಕಾಲಿಟ್ಟುಕೊಂಡು.

ಮರುದಿನ ಮಧ್ಯಾಹ್ನ ಹೊನ್ನವ್ವನ ಎದುರು ನೆಲಕ್ಕೇ ಕೂತೆ.
ಡಿಚೋಲಿಯ ಕುಂಬಾರರ ಗಡಿಗೆ ಎರಡು,
ಒಂದರೊಳಗೊಂದು, ನಡುವೆ ಮರಳು, ಮರಳಿಗೆ ನೀರು.
ಬಾಟಲಿಗೆ ಪ್ಲಾಸ್ಟಿಕ್ ಚೀಲ, ನೀರು ತಾಗದಂತೆ.
ಹಾಕುವ ಮೊದಲು ಬೆಳಕಿಗೆ ಹಿಡಿ.
ನಿನ್ನೆ ಎಡತೊಡೆಯಾದರೆ ಇಂದು ಬಲ,
ಒಂದೇ ಜಾಗ ಚುಚ್ಚಿದರೆ ಚರ್ಮ ಗಂಟುಕಟ್ಟಿ ಮುನಿಯುತ್ತದೆ.
ತಟ್ಟೆಯಲ್ಲಿ ಅನ್ನ ಕಾಣುವ ತನಕ ಸೂಜಿ ಎತ್ತಬೇಡ.
ಬೆವರಿ ನಡುಗಿದರೆ ಮೊದಲು ಸಕ್ಕರೆ, ಆಮೇಲೆ ನನಗೆ ಫೋನು.

ಈಗ ನೀನು ಹೇಳು, ನಾನು ಕೇಳುತ್ತೇನೆ.

ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಎಲ್ಲ ಹೇಳಿದಳು.
ಥಂಡಿಗೆ ಬಂದಾಗ ನಿಂತಳು.
"ಮುಟ್ಟಿದ್ರ ಹಿತಾ ಅನಸಬೇಕ್ರಿ,
ಬೆರಳು ಜೋಮು ಹಿಡದ್ರ, ಔಷಧಕ್ಕೂ ಜೋಮು."

ಕೇಸ್ ಪೇಪರಿನಲ್ಲಿ ಡಾಕ್ಟರ ಪದ ಹಾಗೇ ಇದೆ,
ಅಳಿಸುವ ಅಧಿಕಾರ ನನಗಿಲ್ಲ.
ಅದರ ಕೆಳಗೆ, ದಾದಿಯರ ಕಾಲಮಿನಲ್ಲಿ,
ಅವಳ ಮಾತನ್ನೇ ಬರೆದೆ, ಕನ್ನಡದಲ್ಲಿ.
ರೌಂಡ್ಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಏನಿದು ಅಂತ.
ಆಗ ಹೇಳಬೇಕಾಗುತ್ತದೆ, ಬಾಗಿಲಿನತ್ತ ಹೋಗದೆ,
ತಪ್ಪು ಯಾರದೆಂದು.

ಯಮನೂರ ಕಣ್ಣು ತೆರೆದಿದ್ದಾನೆ. ನೂರಾ ಎಪ್ಪತ್ತು.
ಒಡೆದ ಬಾಟಲಿ ಬೇಕಂತೆ ಅವನಿಗೆ, ಆಡಲಿಕ್ಕೆ.
"ಇವತ್ತ ಯಾವ ಕಾಲ್ರಿ?" ಅನ್ನುತ್ತಾನೆ.
ಮೊದಲು ಊಟ ಬರಲಿ, ಅಂದೆ.