ಕಡತ ನಲವತ್ತೊಂದು

ಕಾರವಾರದ ದಫ್ತರಖಾನೆಯಲ್ಲಿ
ಹದಿನೇಳು ಹಳ್ಳಿಯ ಸೀಮೆಯೊಂದು
ಕೆಂಪು ದಾರ ಕಟ್ಟಿಸಿಕೊಂಡು ಮಲಗಿದೆ.

ಒಡೆಯರು ದೊಡ್ಡವರೇನಲ್ಲ. ಒಂದು ಕೂಗು ಹಾಕಿದರೆ
ಆಚೆ ಹೊಳೆಗೆ ಮುಟ್ಟಿ ರಾಜ್ಯ ಮುಗಿಯುತ್ತಿತ್ತು.
ಉಪ್ಪಿನಾಗರದ ಸುಂಕ, ಕಡವಿನ ಕಾಸು, ಗಜನಿಯ ಕಗ್ಗ;
ಸೋದೆಗೆ ವರ್ಷಕ್ಕೆ ಮೂರು ಮೂಟೆ ಮೆಣಸು,
ಇಲ್ಲವೇ ‘ಈ ಸಲ ಬಳ್ಳಿ ಸೊರಗಿದೆ’ ಎಂಬ ಓಲೆ.

ಆಮೇಲೆ ಶ್ರೀರಂಗಪಟ್ಟಣದ ಕುದುರೆ, ಕುಂಪಣಿಯ ಸರಪಳಿ.
ಸೀಮೆ ಮಾಗಣೆಯಾಯ್ತು, ಮಾಗಣೆ ಹೋಬಳಿ;
ಮದರಾಸಿಂದ ಮುಂಬಯಿಗೆ ಹೋಯ್ತು
ಒಂದು ಗೇಣೂ ಅಲುಗದೆ.

ಪ್ರತಿ ಮಾರ್ಚಿಗೆ ಪದ್ಮಲಾ ಅರಸು ಬರುತ್ತಾರೆ
ಅಂಕೋಲೆ ಬಸ್ಸಿನಲ್ಲಿ ನಿಂತುಕೊಂಡೇ,
ತಸ್ತೀಕು ಹನ್ನೊಂದು ರೂಪಾಯಿ ನಲವತ್ತು ಪೈಸೆಗೆ.
ಟಿಕೇಟೇ ಅದಕ್ಕಿಂತ ಜಾಸ್ತಿ.

ರುಜುವಿನ ಕೊನೆಗೊಂದು ಗೆರೆ,
ಹೊಳೆಯಿಂದ ಹೊಳೆಗೆ ಎಳೆದಂತೆ,
ನಮೂನೆಯ ಚೌಕ ದಾಟಿ ನನ್ನ ಮೇಜಿಗೂ ಹರಿಯುತ್ತದೆ.
ನಾನು ಒರೆಸುವುದಿಲ್ಲ.