ಎಲ್ಲವೂ ಒಂದೇ ಭಾನುವಾರ

ಊರಿನ ಹೆಸರು ವುಚ್. ಪೋಲಿಷಿನಲ್ಲಿ ದೋಣಿ ಎಂದರ್ಥ.
ನದಿ ಕಾಣಿಸದು. ಇದ್ದವನ್ನು ಹಿಂದಿನವರು
ನೆಲದಡಿಯ ಕೊಳವೆಗೆ ತುರುಕಿ
ಮೇಲೆ ಟ್ರಾಮು ಓಡಿಸಿದರು.
ಬೊಗುಮಿವಾಳ ಮನೆ ನಾಲ್ಕನೆಯ ಮಹಡಿ.
ಲಿಫ್ಟು ಕೆಟ್ಟಿದೆ ಎಂಬ ಚೀಟಿಯೂ
ಹಳದಿಯಾಗಿದೆ.

ಅಡುಗೆಮನೆಯ ಮೇಜಿನ ಮೇಲೆ ಅಮಿಗಾ.
ಒಂದು ಕಾಲಕ್ಕೆ ಬೆಳ್ಳಗೆ,
ಈಗ ಸಿಗರೇಟು ಸೇದುವವರ ಹಲ್ಲಿನ ಬಣ್ಣ.
ಕಿಟಕಿ ಪರದೆಯ ಗಿರಣಿಗೆ ಆರು ವರ್ಷ
ಇದರಲ್ಲೇ ವಿನ್ಯಾಸ ಬರೆದಳು,
ಪರದೆಯ ಮೇಲೆ ಪರದೆ,
ಒಂದು ಚುಕ್ಕೆಗೆ ಒಂದು ನೂಲು:
ಹಂಸ, ಜರೀಗಿಡದ ಎಲೆ,
ಯಾರೂ ಕೊಳ್ಳದೆ ಉಳಿದ ಮುಳ್ಳುಹಂದಿ.
ಗಿರಣಿ ಮುಚ್ಚಿದಾಗ ಸಂಬಳದ ಬಾಕಿಗೆ
ಯಂತ್ರವನ್ನೇ ಎತ್ತಿಕೊಂಡು ಬಂದಳು,
ಟ್ರಾಮಿನಲ್ಲಿ, ಮಗುವಿನ ಹಾಗೆ ತೊಡೆಯ ಮೇಲೆ.

ಈಗ ಬವೂತಿಯ ಗ್ಯಾರೇಜಿನಲ್ಲಿ
ಮಗ್ಗ ಹಾಕಿರುವ ಯಾಗ್ನಾ ಎಂಬ ಹುಡುಗಿಗೆ
ಆ ಹಂಸಗಳು ಬೇಕಂತೆ.
ಫ್ಲಾಪಿಗಳಿಗೆ ಬೂಸಲು. ಹಾರ್ಡ್ ಡಿಸ್ಕು ಮಾತ್ರ
ಕೆಮ್ಮಿ ಕೆಮ್ಮಿ ಏಳುತ್ತದೆ.
“ಸ್ವಾವೆಕ್, ತಂತಿ ಎಳೆದು ಕೊಡು” ಎಂದಳು,
ಬಟ್ಟೆ ಒಣಗಿಸಲು ಕೇಳಿದ ಹಾಗೆ.

ಜಾತ್ರೆ ಮಾಲಿನಲ್ಲಿ ಸಿಕ್ಕ ನೆಟ್‌ವರ್ಕ್ ಕಾರ್ಡು,
ಬಿಸ್ಕತ್ತಿನಷ್ಟು ದಪ್ಪ, ನಲವತ್ತು ಜ್ವೋತಿ.
ಪಕ್ಕದ ಕಿಂಡಿಗೆ ತಳ್ಳಿದೆ, ಕಚ್ಚಿತು.
ಅದನ್ನು ಎಬ್ಬಿಸುವ ಡ್ರೈವರು ನೆಟ್‌ವರ್ಕಿನಾಚೆಗಿದೆ;
ನೆಟ್‌ವರ್ಕ್ ಆಗಬೇಕಾದರೆ ಡ್ರೈವರು ಈಚೆಗೆ ಬರಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಕೊನೆಗೆ ಹಳೆಯ ಸೀರಿಯಲ್ ಕೇಬಲ್ಲಿನಲ್ಲಿ
ಅಕ್ಷರ ಅಕ್ಷರವಾಗಿ ತೊಟ್ಟಿಕ್ಕಿಸಿದೆ
ಹದಿನೆಂಟು ನಿಮಿಷ.
ಅಷ್ಟರಲ್ಲಿ ಬೀಟ್‌ರೂಟಿನ ಸೂಪು ಕುದಿದು
ಒಲೆ ಕೆಂಪಾಯಿತು.

ಯಂತ್ರಕ್ಕೊಂದು ಮನೆ ನಂಬರು ಕೊಟ್ಟೆ.
ನಾಲ್ಕು ಸಲ ಕೂಗಿದೆ.
ಮೊದಲನೆಯದು ಎಲ್ಲೋ ಬಿತ್ತು,
ಉಳಿದ ಮೂರಕ್ಕೂ ಓಗೊಟ್ಟಿತು.
ಬೊಗುಮಿವಾ ಸೌಟು ಹಿಡಿದೇ ನಿಂತಳು:
“ಯಾರದು?”
ನನ್ನ ಲ್ಯಾಪ್‌ಟಾಪು, ಎಂದೆ.
“ನಿನ್ನ ಚೀಲದಲ್ಲಿ ಬಂದದ್ದಕ್ಕೆ
ಇಷ್ಟು ಕೂಗಬೇಕಿತ್ತೇ?”

ಕೂಗಿದರೇನು, ಒಳಗೆ ಬಿಡಲಿಲ್ಲ.
ಹೊಸದಕ್ಕೆ ಹಳೆಯ ಮಾತು ಬರುವುದಿಲ್ಲವೆಂದಲ್ಲ;
ಆ ಮಾತಿನಲ್ಲಿ ಕರೆದವರಿಗೆ
ಬಾಗಿಲು ತೆರೆಯಬೇಡವೆಂದು ಕಲಿಸಿದ್ದಾರೆ, ಕಳ್ಳರ ಭಯ.
ಸಂರಚನೆಯ ಕಡತದಲ್ಲಿ ಒಂದು ಸಾಲು ತಿದ್ದಿದೆ:
ಒಂದು ಸಂಜೆಯ ಮಟ್ಟಿಗೆ
ಅಜ್ಜಿಯ ಮಾತಿಗೂ ಹೂಂಗುಡು.

ಆಮೇಲೆ ತೆರೆಯಿತು.
ನಾನು ಊರ ಹೆಸರಿಟ್ಟು ಹಂಚಿದ ಫೋಲ್ಡರು
ಅಮಿಗಾದ ಕಣ್ಣಿಗೆ ಬೇರೆಯೇ:
ಮೊದಲ ಅಕ್ಷರವಿದ್ದಲ್ಲಿ ಪೌಂಡಿನ ಗುರುತು,
ಕೊನೆಯದಿದ್ದಲ್ಲಿ ಕಾಲು.
“ಗಿರಣಿ ಮಾರಿದ್ದು ಆ ರೇಟಿಗೇ”
ಎಂದು ಬೊಗುಮಿವಾ ಸೂಪು ಬಡಿಸಿದಳು.

ದೋಣಿ ಹೊರಟಿತು.
ಹಂಸ ಒಂದು, ಹಂಸ ಎರಡು,
ಎಲೆಗಳ ಅಂಚು. ನಿಂತಿತು. ಮತ್ತೆ ಅಂಚು.
ಮುಳ್ಳುಹಂದಿಗೆ ಹೆಸರು ಉದ್ದವಾಗಿ
ಬಾಲ ಕತ್ತರಿಸಿಕೊಂಡು ದಾಟಿತು.
ಇನ್ನೂರ ಹನ್ನೆರಡು ಕಡತ. ಎರಡು ಬರಲಿಲ್ಲ.
ಯಾವುವೆಂದು ಅವಳು ಕೇಳಲಿಲ್ಲ.

ಕನ್ನಡಕ ಹಾಕಿ ಪಟ್ಟಿ ನೋಡಿದವಳು
ತಾರೀಖಿನ ಮೇಲೆ ಬೆರಳಿಟ್ಟಳು.
ಎಲ್ಲಕ್ಕೂ ಒಂದೇ:
ಎಪ್ಪತ್ತೆಂಟನೆಯ ಇಸವಿ, ಜನವರಿ ಒಂದು.
ಈ ಯಂತ್ರ ಆಗಿನ್ನೂ ಹುಟ್ಟಿಯೇ ಇರಲಿಲ್ಲ.
ಇದಕ್ಕೆ ಗಡಿಯಾರವಿಲ್ಲ, ಎಂದು ವಿವರಿಸಿದೆ,
ತಾರೀಖು ನೀವಾಗಿ ಹೇಳದಿದ್ದರೆ
ಎದ್ದಾಗಲೆಲ್ಲ ಅದಕ್ಕೆ ಅದೇ ಬೆಳಗು.

“ಅವತ್ತು ಭಾನುವಾರ” ಎಂದಳು.
“ಗಿರಣಿಗೆ ರಜೆ. ಹಿಂದಿನ ರಾತ್ರಿ ಕುಣಿದು
ಕಾಲು ಊದಿತ್ತು.
ಒಂದು ಗುಂಡಿಯನ್ನೂ ಹೊಲಿಯಲಿಲ್ಲ ನಾನು.”

ಸರಿಪಡಿಸಬಹುದು, ವರ್ಷ ಹೇಳಿ, ಅಂದೆ.
ಅವಳು ಬಟ್ಟಲ ತಳ ರೊಟ್ಟಿಯಲ್ಲಿ ಒರೆಸಿ
ನಿಧಾನ ಲೆಕ್ಕ ಹಾಕಿದಳು.
“ಬೇಡ. ಹಾಗೇ ಇರಲಿ.
ರಜೆಯ ದಿನದ ಕೆಲಸಕ್ಕೆ
ಎರಡರಷ್ಟು ಕೂಲಿ.”

ಮೂರನೆಯ ಮಹಡಿಗೆ ಇಳಿದಾಗ ನೆನಪಾಯಿತು,
ಸಂಜೆಯ ಮಟ್ಟಿಗೆಂದು ತೆರೆದ ಸಾಲನ್ನು
ಮತ್ತೆ ಮುಚ್ಚಿಲ್ಲ.
ಮುಚ್ಚಬೇಕು.
ಎರಡನೆಯ ಮಹಡಿಯಲ್ಲಿ ಯಾರದೋ ರೇಡಿಯೋ,
ಒಗ್ಗರಣೆಗೆ ಬಿದ್ದ ಈರುಳ್ಳಿಯ ವಾಸನೆ.
ನಾಳೆ ಮುಚ್ಚುತ್ತೇನೆ.